ಪದ್ಮಿನಿಗೆ ಸೀಟ್ ಬೆಲ್ಟ್: ಪಿಲ್ಲರ್‌ನಲ್ಲಿ ನಟ್ ಇಲ್ಲ, ಎಲ್ಲಿಗೆ ಬಿಗಿಯೋದು?

ಗುಬ್ಬಿಗೇಟ್ ಫಿಯೆಟ್ (ತುಮಕೂರು)

ಗಾಡಿ 1985ರ ಪ್ರೀಮಿಯರ್ ಪದ್ಮಿನಿ. ಹ್ಯಾಂಡ್ ಗೇರು, ಮುಂದೆ ಒಂದೇ ಉದ್ದ ಸೀಟು. ಕಂಪನಿ ಬೆಲ್ಟ್ ಇಲ್ಲ. ಮುಂದೆ ಇಬ್ಬರಿಗೆ ಮೂರು ಪಾಯಿಂಟಿನ (ಭುಜ, ಸೊಂಟ ಎರಡಕ್ಕೂ ಬರೋ) ಬೆಲ್ಟು, ಸಾಧ್ಯವಾದ್ರೆ ಹಿಂದೆಯೂ ಎರಡು ಹಾಕಿಸಬೇಕು. ಗಾಡಿ ವಾರಕ್ಕೊಮ್ಮೆ ಹೈವೇಯಲ್ಲಿ ಕ್ಯಾತ್ಸಂದ್ರ ದಾಟಿ ಡಾಬಸ್‌ಪೇಟೆವರೆಗೆ ಹೋಗುತ್ತೆ, ಆಗೀಗ ದೇವರಾಯನದುರ್ಗ ಹತ್ತುತ್ತೆ.

ಎರಡು ಬಾಗಿಲ ನಡುವಿನ ಪಿಲ್ಲರಿನ ಪ್ಯಾಡು ಬಿಚ್ಚಿ ಬೆರಳಾಡಿಸಿ ನೋಡಾಯ್ತು. ಒಳಗೆ ನಟ್ ಇಲ್ಲ, ಬರೀ ತಗಡಿನ ಡಬ್ಬಿ. ಒಬ್ಬ ಟಿಂಕರ್ "ನಾಲ್ಕು ಸೆಲ್ಫ್ ಟ್ಯಾಪಿಂಗ್ ಸ್ಕ್ರೂ ಹೊಡೆದ್ರೆ ಅಲ್ಲಾಡಲ್ಲ" ಅಂತಾರೆ. ಇನ್ನೊಬ್ಬರು ತೂತು ಹೊಡೆದು ದೊಡ್ಡ ವಾಷರ್ ಹಾಕಿ ನಟ್ ಬಿಗಿಯೋಣ ಅಂತಾರೆ. ಯಾವುದು ಸರಿ? ಬೆಲ್ಟು ಮಾರುತಿ 800ಕ್ಕೆ ಬರೋ ತರಹದ್ದು, ರೀಲ್ ಇರೋದು, ಹೊಸದು. ಆ ರೀಲನ್ನ ಸೀಟಿನ ಹಿಂದೆ ಫ್ಲೋರ್ ಮೇಲೆ ಮಲಗಿಸಿ ಕೂರಿಸಬಹುದಾ? ಇನ್ನೊಂದು, ಸದ್ಯದಲ್ಲೇ ಆರ್‌ಸಿ ರಿನ್ಯೂವಲ್ ಇದೆ. ವೆಲ್ಡಿಂಗ್ ಮಾಡಿಸಿದ್ರೆ ಆರ್‌ಟಿಒದಲ್ಲಿ ತಕರಾರು ಬರುತ್ತಾ?

---

ತಗಡು ತಾಮ್ರ (ತುಮಕೂರು)

ಅಣ್ಣಾ, ಇಬ್ಬರ ಮಾತೂ ಬೇಡ. ಬೆಲ್ಟು, ಬೋಲ್ಟು ಅಂಗಡೀಲಿ ಸಿಗುತ್ತೆ. ಹಳೇ ಗಾಡಿಯಲ್ಲಿ ಅಸಲಿ ಕೆಲಸ ಇರೋದು ಬೋಲ್ಟ್ ಕೂರೋ ತಗಡಿನಲ್ಲಿ.

ಒಂದು ಲೆಕ್ಕ ನೋಡಿ. 70 ಕೆ.ಜಿ. ಮನುಷ್ಯ, 50 ಕಿ.ಮೀ. ಸ್ಪೀಡು, ಗುದ್ದಿದ ಮೇಲೆ ಅರ್ಧ ಮೀಟರಿನಲ್ಲಿ ದೇಹ ನಿಂತಿತು ಅಂದ್ಕೊಳ್ಳಿ. ಸರಾಸರಿ ಎಳೆತವೇ 1.4 ಟನ್ ಹತ್ತಿರ ಬರುತ್ತೆ, ಗರಿಷ್ಠ ಅದಕ್ಕಿಂತ ಜಾಸ್ತಿ. ಯುರೋಪಿನ ಆರ್14 ನಿಯಮದಲ್ಲಿ ಕಾರಿನ ಆಂಕರ್ (ಬೆಲ್ಟ್ ಬಿಗಿಯೋ ಜಾಗ) ಪರೀಕ್ಷೆ ಮಾಡೋವಾಗ ಭುಜದ ಪಟ್ಟಿಗೆ 13,500 ನ್ಯೂಟನ್, ಸೊಂಟದ ಪಟ್ಟಿಗೆ ಇನ್ನೊಂದು 13,500, ಎರಡನ್ನೂ ಒಟ್ಟಿಗೇ ಎಳೀತಾರೆ. ಒಂದು ಎಂಎಂ ಆಸುಪಾಸಿನ ತಗಡಿನಲ್ಲಿ ಸೆಲ್ಫ್ ಟ್ಯಾಪಿಂಗ್ ಸ್ಕ್ರೂಗೆ ಸಿಗೋದು ಒಂದೋ ಎರಡೋ ಥ್ರೆಡ್ ಹಿಡಿತ. ಕೈಯಲ್ಲಿ ಜಗ್ಗಿದ್ರೆ ಅಲ್ಲಾಡಲ್ಲ, ನಿಜ. ಗುದ್ದಿದಾಗ ಗುಂಡಿ ಕಿತ್ತ ಹಾಗೆ ಬರುತ್ತೆ. ವಾಷರ್ ಕಥೆಯೂ ದೂರ ಹೋಗಲ್ಲ: 30 ಎಂಎಂ ವಾಷರ್ ತಗಡನ್ನ ತಟ್ಟೆ ತರಹ ಬಗ್ಗಿಸಿಕೊಂಡು, ಅಂಚು ಹರ್ಕೊಂಡು, ನಟ್ ಸಮೇತ ಆಚೆ ಬರುತ್ತೆ.

ಬೇಕಾಗಿರೋದು ಪ್ಲೇಟು. 3 ಎಂಎಂ ದಪ್ಪದ ಎಂಎಸ್ (ಸಾದಾ ಉಕ್ಕಿನ) ಪ್ಲೇಟ್, ವಿಸ್ತೀರ್ಣ ಕಮ್ಮಿ ಅಂದ್ರೂ 40 ಚದರ ಸೆಂ.ಮೀ. ರೇಸ್ ಗಾಡಿಗಳ ಬೆಲ್ಟಿಗೆ ಎಫ್‌ಐಎ (ಅಂತರರಾಷ್ಟ್ರೀಯ ಕಾರ್ ರೇಸ್ ಸಂಸ್ಥೆ) ಹೇಳೋದೂ ಇದೇ ಅಳತೆ. ಫ್ಲೋರಿಗೆ 65×65 ಎಂಎಂ ಸಾಕು, ಪಿಲ್ಲರಿಗೆ ಅಗಲ ಸಿಗಲ್ಲ, ಉದ್ದಕ್ಕೆ 50×90 ಮಾಡಿಸಿ. ನಾಲ್ಕು ಮೂಲೆಯನ್ನೂ 10 ಎಂಎಂ ರೇಡಿಯಸ್‌ಗೆ ಉಜ್ಜಿ ದುಂಡಗೆ ಮಾಡಿ. ಚೂಪು ಮೂಲೆ ಬಿಟ್ರೆ ಎಳೆತ ಬಿದ್ದಾಗ ಅದೇ ಮೂಲೆ ತಗಡನ್ನ ಕತ್ತರಿ ತರಹ ಕೊಯ್ಯುತ್ತೆ. ಪ್ಲೇಟಿನ ನಡುವೆ ನಟ್ ವೆಲ್ಡ್ ಆಗಿರಬೇಕು.

ಪ್ಲೇಟ್ ಯಾವ ಕಡೆ ಅನ್ನೋದ್ರಲ್ಲೇ ಹೆಚ್ಚು ಜನ ಎಡವೋದು. ಬೆಲ್ಟ್ ಎಳೆಯೋ ದಿಕ್ಕಿಗೆ ಎದುರು ಬದಿಯಲ್ಲಿ ಪ್ಲೇಟ್ ಇರಬೇಕು. ಫ್ಲೋರ್ ಆದ್ರೆ ಗಾಡಿಯ ತಳಭಾಗದಲ್ಲಿ, ಪಿಲ್ಲರ್ ಆದ್ರೆ ಡಬ್ಬಿಯ ಒಳಗೆ. ಆಗ ಎಳೆದಷ್ಟೂ ಪ್ಲೇಟ್ ತಗಡಿಗೆ ಒತ್ತಿಕೊಳ್ಳುತ್ತೆ. ಮೇಲುಗಡೆ ಕೂರಿಸಿ ಸುತ್ತ ವೆಲ್ಡ್ ಹೊಡೆದ್ರೆ ಪೂರ್ತಿ ಭಾರ ವೆಲ್ಡಿನ ಮೇಲೆ, ಒಂದು ತುದಿ ಬಿಟ್ಟುಕೊಂಡ್ರೆ ಉಳಿದದ್ದು ಸಿಪ್ಪೆ ಸುಲಿದ ಹಾಗೆ.

ಪಿಲ್ಲರ್ ಒಳಗೆ ಪ್ಲೇಟ್ ತೂರಿಸೋದು ಹೀಗೆ:

ಮೊದಲು ಜಾಗ ಗುರುತು ಮಾಡಿ. ಮನೇಲಿ ಎತ್ತರದವರು ಸೀಟಲ್ಲಿ ಕೂರಲಿ, ಭುಜದ ಮಟ್ಟಕ್ಕೆ ಪಿಲ್ಲರ್ ಮೇಲೆ ಚಾಕ್‌ಪೀಸಲ್ಲಿ ಗೆರೆ ಹಾಕಿ. ಬೋಲ್ಟಿನ ತೂತು ಆ ಗೆರೆಗಿಂತ ಮೇಲೆ ಬರಬೇಕು. ಕೆಳಗೆ ಬಂದ್ರೆ ಬೆಲ್ಟು ಭುಜದ ಮೇಲಿಂದ ಕೆಳಗಿಳಿದು ಹೋಗುತ್ತೆ, ಗುದ್ದಿದಾಗ ಭುಜವನ್ನ ಕೆಳಕ್ಕೆ ಒತ್ತಿ ಬೆನ್ನುಮೂಳೆ ಜಜ್ಜುತ್ತೆ. ಇದೇ ಕಾರಣಕ್ಕೆ ಭುಜದ ಪಟ್ಟಿಯನ್ನ ಸೀಟಿನ ಬೆನ್ನ ಮೇಲಿಂದ ಇಳಿಸಿ ಹಿಂದಿನ ಫ್ಲೋರಿಗೆ ಕಟ್ಟೋ ಐಡಿಯಾ ಯಾರಾದರೂ ಕೊಟ್ರೆ ಕೇಳಬೇಡಿ. ಹಾಗೇ ಹಿಂದಿನ ಬಾಗಿಲ ಕೀಲು, ಮುಂದಿನ ಬಾಗಿಲ ಲಾಕ್ ಹಿಡಿಯೋ ಸ್ಟ್ರೈಕರ್, ಎರಡೂ ಇದೇ ಪಿಲ್ಲರ್ ಮೇಲಿವೆ. ಪ್ಲೇಟ್ ಅವುಗಳ ಸ್ಕ್ರೂಗೆ ಅಡ್ಡ ಬರದ ಹಾಗೆ ನೋಡ್ಕೊಳ್ಳಿ.

ಗುರುತು ಹಾಕಿದ ಜಾಗದಲ್ಲಿ 4 ಎಂಎಂ ಪೈಲಟ್ ತೂತು, ಆಮೇಲೆ 8, ಕೊನೆಗೆ 12. ಅದರ ಸುತ್ತ, ಪ್ಲೇಟ್ ಕೂರೋ ಅಳತೆಯೊಳಗೆ, 8 ಎಂಎಂನ ಆರು ತೂತು. ಇವು ಪ್ಲಗ್ ವೆಲ್ಡಿಗೆ, ಅಂದ್ರೆ ತೂತಿನೊಳಗೆ ವೆಲ್ಡ್ ತುಂಬಿ ತಗಡನ್ನ ಹಿಂದಿನ ಪ್ಲೇಟಿಗೆ ಸೇರಿಸೋಕೆ. ಬೋಲ್ಟಿನ ತೂತಿಗಿಂತ 150 ಎಂಎಂ ಕೆಳಗೆ, ಪ್ಯಾಡು ಮುಚ್ಚೋ ಜಾಗದಲ್ಲಿ, ಪ್ಲೇಟ್ ಅಡ್ಡಡ್ಡ ತೂರುವಷ್ಟು ಕಿಟಕಿ ಕೊಯ್ಯಿರಿ. ಮೂರೇ ಬದಿ ಕೊಯ್ದು ಬಾಗಿಲ ತರಹ ಮಡಚಿಟ್ಟುಕೊಂಡ್ರೆ ಆಮೇಲೆ ಅದೇ ತಗಡನ್ನ ವಾಪಸ್ ಮುಚ್ಚಬಹುದು. ಬೈಂಡಿಂಗ್ ವಯರನ್ನ ಮೇಲಿನ ತೂತಿನಿಂದ ಇಳಿಬಿಟ್ಟು ಕಿಟಕಿಯಲ್ಲಿ ಹೊರಗೆಳೆದು, ನಟ್ ಒಳಗಿಂದ ಹಾಯಿಸಿ, ಹಿಂಬದಿ ಒಂದು ಮೊಳೆ ಕಟ್ಟಿ. ಪ್ಲೇಟನ್ನ ಒಳಗೆ ಬಿಟ್ಟು ವಯರ್ ಮೇಲಕ್ಕೆಳೆದ್ರೆ ಪ್ಲೇಟ್ ತಾನಾಗಿ ಜಾಗಕ್ಕೆ ಬಂದು ಕೂರುತ್ತೆ. ಪಕ್ಕದ ಎರಡು ತೂತಲ್ಲಿ ಪ್ಲಗ್ ಹೊಡೆದು ಪ್ಲೇಟ್ ನಿಂತ ಮೇಲೆ ವಯರ್ ತೆಗೆದು, ಹಳೇ ಬೋಲ್ಟ್ ಒಂದನ್ನ ಹಾಕಿ ತಗಡಿಗೆ ಚೆನ್ನಾಗಿ ಬಿಗಿದು, ಉಳಿದ ತೂತು ತುಂಬಿ. ತಗಡಿಗೂ ಪ್ಲೇಟಿಗೂ ನಡುವೆ ಸಂದು ಉಳಿದ್ರೆ ವೆಲ್ಡ್ ತಗಡಲ್ಲೇ ನಿಲ್ಲುತ್ತೆ, ಪ್ಲೇಟಿಗೆ ಇಳಿಯಲ್ಲ.

ಸಿಒಟು ವೆಲ್ಡಿಂಗೇ (ಕರೆಂಟಲ್ಲಿ ವಯರ್ ಕರಗಿಸೋದು) ಮಾಡಿಸಿ. ಗ್ಯಾಸ್ ವೆಲ್ಡಿಂಗ್ ಬಿಸಿಗೆ ಇಡೀ ಪಿಲ್ಲರ್ ಸೊಟ್ಟಗಾಗಿ ಬಾಗಿಲ ಗ್ಯಾಪ್ ಹೋಗುತ್ತೆ.

---

ಹೈವೇ ರಾಜ

ಇಷ್ಟೆಲ್ಲಾ ಯಾಕೆ ಗುರು. ಹಳೇ ಗಾಡಿ, 60ರಲ್ಲಿ ಹೋಗುತ್ತೆ. ಕ್ಯಾಮೆರಾಗೆ ಬೆಲ್ಟ್ ಕಾಣಿಸಿದ್ರೆ ಸಾಕು. ಸೀಟಿನ ಫ್ರೇಮಿಗೇ ಎರಡು ಕಡೆ ಕಟ್ಟಿ ಬಿಡಿ.

---

ಲೇತ್ ಬಾಬು (ಕೋಲಾರ)

ಸೀಟಿನ ಫ್ರೇಮಿಗೆ ಕಟ್ಟೋದು ಬೆಲ್ಟೇ ಇಲ್ಲದ್ದಕ್ಕಿಂತ ಕೆಟ್ಟದು. ಆ ಉದ್ದ ಸೀಟು ಫ್ಲೋರಿಗೆ ಹಿಡಿದಿರೋದು ಸೀಟು ಜಾರದಿರಲಿ ಅಂತ. ಅದರ ಮೇಲೆ ಕೂತ ಇಬ್ಬರ ಭಾರ ತಡೆಯೋಕೆ ಆ ಹಳಿ ಮಾಡಿಲ್ಲ. ಗುದ್ದಿದಾಗ ಸೀಟು ಹಳಿಯಿಂದ ಎದ್ದು, ಬೆಲ್ಟು ಕಟ್ಟಿಕೊಂಡವರನ್ನೂ ಹೊತ್ತುಕೊಂಡು ಡ್ಯಾಶ್‌ಬೋರ್ಡಿಗೆ ಹೋಗುತ್ತೆ. ಇನ್ನು "60ರಲ್ಲಿ ಹೋಗುತ್ತೆ" ಅನ್ನೋದು. ಮೇಲಿನ ಲೆಕ್ಕ 50ಕ್ಕೇ ಮಾಡಿರೋದು, 60ಕ್ಕೆ ಅದರ ಹತ್ತಿರ ಹತ್ತಿರ ಒಂದೂವರೆ ಪಟ್ಟು.

ಬೋಲ್ಟ್ ವಿಚಾರಕ್ಕೆ ಬರ್ತೀನಿ. ಸೀಟ್ ಬೆಲ್ಟಿಗೆ ಲೋಕದಲ್ಲೆಲ್ಲ ಹೆಚ್ಚಾಗಿ ನಡೆಯೋದು 7/16 ಯುಎನ್‌ಎಫ್ (ಇಂಚಿನ ಅಳತೆಯ ಫೈನ್ ಥ್ರೆಡ್), ಇಂಚಿಗೆ 20 ಥ್ರೆಡ್. ತಲೆಗೆ 17ರ ಸ್ಪ್ಯಾನರ್ ಇಲ್ಲವೇ ನಕ್ಷತ್ರದ ಟಿ50 ಬಿಟ್ ಬರುತ್ತೆ. ಹೈ ಟೆನ್ಸೈಲೇ (ಹೆಚ್ಚು ಎಳೆತ ತಡೆಯೋ ಉಕ್ಕು) ಬೇಕು: ಗ್ರೇಡ್ 8 ಆದ್ರೆ ತಲೆಯ ಮೇಲೆ ಆರು ಗೆರೆ, ಗ್ರೇಡ್ 5ಕ್ಕೆ ಮೂರು. ತಲೆ ಮೇಲೆ ಏನೂ ಗುರುತಿಲ್ಲದ ಬೋಲ್ಟನ್ನ ಮುಟ್ಟಬೇಡಿ. 7/16 ಗ್ರೇಡ್ 8 ಬೋಲ್ಟ್ ನೇರ ಎಳೆತಕ್ಕೆ 8 ಟನ್ ಆಸುಪಾಸು ತಡೆಯುತ್ತೆ. ಅಂದ್ರೆ ಬೋಲ್ಟ್ ಸಾಯೋ ಮೊದಲು ನಿಮ್ಮ ತಗಡು ಸತ್ತಿರುತ್ತೆ. ಅದಕ್ಕೇ ತಗಡು ತಾಮ್ರ ಅವರು ಪ್ಲೇಟಿಗೆ ಅಷ್ಟು ಬರೆದಿದ್ದು.

ಅಂಗಡೀಲಿ 7/16 ಇಲ್ಲ ಅಂತ 10 ಎಂಎಂ ಫೈನ್ ಥ್ರೆಡ್ ಬೋಲ್ಟ್ ಕೊಡ್ತಾರೆ, ಹುಷಾರು. 10 ಎಂಎಂ ಫೈನಿನ ಪಿಚ್ (ಥ್ರೆಡ್ಡಿನಿಂದ ಥ್ರೆಡ್ಡಿಗೆ ದೂರ) 1.25 ಎಂಎಂ, 7/16 ಯುಎನ್‌ಎಫ್‌ನದು 1.27. ಎರಡೂ ಅಕ್ಕಪಕ್ಕ ಇರೋದ್ರಿಂದ ಬೋಲ್ಟು ಸುತ್ತಿಕೊಂಡು ಹೋದ ಹಾಗೇ ಅನಿಸುತ್ತೆ. ಆದರೆ ದಪ್ಪದಲ್ಲಿ 1.1 ಎಂಎಂ ಕಮ್ಮಿ, ಥ್ರೆಡ್ಡಿನ ತುದಿ ಮಾತ್ರ ತಾಗಿರುತ್ತೆ. ಬೋಲ್ಟನ್ನ ಅರ್ಧ ಸುತ್ತಿ ಬೆರಳಲ್ಲಿ ಅಲ್ಲಾಡಿಸಿ ನೋಡಿ. ಲಡಲಡ ಅಂದ್ರೆ ಅದು ಆ ನಟ್ಟಿನ ಬೋಲ್ಟಲ್ಲ.

ಪ್ಲೇಟಿಗೆ ವೆಲ್ಡ್ ಮಾಡೋ ನಟ್ಟು ಸಾದಾ, ಬಿಳಿ ಪಾಲಿಶ್ ಇಲ್ಲದ್ದು ಇರಲಿ, ಎತ್ತರ 11 ಎಂಎಂಗೆ ಕಮ್ಮಿ ಬೇಡ. ಜಿಂಕ್ ಪಾಲಿಶ್ ಮೇಲೆ ವೆಲ್ಡ್ ಹೊಡೆದ್ರೆ ಒಳಗೆ ಗುಳ್ಳೆ ಉಳಿಯುತ್ತೆ, ಹೊಗೆಯೂ ಕೆಟ್ಟದ್ದು. ಹೈ ಟೆನ್ಸೈಲ್ ನಟ್ಟಿಗೆ ವೆಲ್ಡ್ ಹೊಡೆದ್ರೆ ಬಿಸಿ ಬಿದ್ದ ಕಡೆ ಗಡುಸಾಗಿ ಬಿರುಕು ಬಿಡುತ್ತೆ. ವೆಲ್ಡ್ ಮಾಡೋವಾಗ ಒಳಗೆ ಒಂದು ಹಳೇ ಬೋಲ್ಟ್ ಇರಲಿ, ಕಿಡಿ ಥ್ರೆಡ್ ಸೇರಲ್ಲ. ತಣ್ಣಗಾದ ಮೇಲೆ 7/16 ಯುಎನ್‌ಎಫ್ ಟ್ಯಾಪ್ ಒಂದು ಸಲ ಹಾಯಿಸಿ. ನೀರಲ್ಲಿ ಅದ್ದಿ ತಣ್ಣಗೆ ಮಾಡೋ ಅಭ್ಯಾಸ ಕೆಲವರಿಗಿದೆ, ಅದು ಬೇಡ.

ಬಿಗಿಯೋದು 35ರಿಂದ 40 ನ್ಯೂಟನ್ ಮೀಟರ್. ಟಾರ್ಕ್ ರೆಂಚ್ ಇಲ್ಲದ ಕಡೆ ಪೈಪ್ ತೂರಿಸಿ ತಿರುಚೋದು ಬೇಡ. ಆಮೇಲೆ ಒಂದು ಸಣ್ಣ ವಿಷಯ, ಯಾರೂ ಗಮನಿಸಲ್ಲ. ಬೆಲ್ಟಿನ ಜೊತೆ ಬರೋ ಬೋಲ್ಟಿನ ಕತ್ತು ಥ್ರೆಡ್‌ಗಿಂತ ದಪ್ಪಗೆ ನುಣುಪಾಗಿರುತ್ತೆ. ಬೆಲ್ಟಿನ ಕಬ್ಬಿಣದ ಕಿವಿ ಆ ಕತ್ತಿನ ಮೇಲೆ ಕೂತು, ಬೋಲ್ಟ್ ಪೂರ್ತಿ ಬಿಗಿದ ಮೇಲೂ ತಿರುಗಬೇಕು. ಸುಮ್ಮನೆ ಉದ್ದ ಬೋಲ್ಟ್ ಹಾಕಿ ಕಿವಿಯನ್ನ ತಗಡಿಗೆ ಅಮುಕಿದ್ರೆ ಅದು ಒಂದೇ ಕೋನಕ್ಕೆ ನಿಂತುಬಿಡುತ್ತೆ, ಪಟ್ಟಿ ತಿರುಚಿಕೊಂಡು ಒಂದೇ ಅಂಚಿನ ಮೇಲೆ ಭಾರ ಬೀಳುತ್ತೆ. ಬಿಗಿದಾದ ಮೇಲೆ ಕಿವಿಯನ್ನ ಒಂದೇ ಬೆರಳಲ್ಲಿ ತಳ್ಳಿ ನೋಡಿ. ತಿರುಗದಿದ್ರೆ ವಾಷರ್, ಅಲೆ ವಾಷರ್ ಹಾಕಿದ ಕ್ರಮ ತಪ್ಪಿದೆ.

---

ಗುಬ್ಬಿಗೇಟ್ ಫಿಯೆಟ್ (ತುಮಕೂರು)

ಬಹಳ ಉಪಕಾರ ಇಬ್ಬರಿಗೂ. ಕಾರ್ಪೆಟ್ ಎತ್ತಿ ನೋಡಿದ್ರೆ ಡ್ರೈವರ್ ಕಡೆ ಫ್ಲೋರು ರನ್ನಿಂಗ್ ಬೋರ್ಡಿಗೆ ಸೇರೋ ಮೂಲೆಯಲ್ಲಿ ಪುಟ್ಟಿ ಮೆತ್ತಿದಾರೆ. ಅಯಸ್ಕಾಂತ ಹಿಡಿದ್ರೆ ಅಂಗೈ ಅಗಲ ಜಾಗದಲ್ಲಿ ಅಂಟಲ್ಲ. ದೊಡ್ಡ ಪ್ಲೇಟ್ ಹಾಕಿದ್ರೆ ಅದನ್ನ ದಾಟಿಸಬಹುದಾ? ಬೆಂಚ್ ಸೀಟಿಗೆ ನಡುವಿನ ಬಕಲ್ ಎಲ್ಲಿ ಬರಬೇಕು ಅನ್ನೋದೂ ಗೊತ್ತಾಗ್ತಿಲ್ಲ.

---

ತಗಡು ತಾಮ್ರ (ತುಮಕೂರು)

ದಾಟಿಸೋಕೆ ಬರಲ್ಲ. ಪ್ಲೇಟು ಭಾರವನ್ನ ಸುತ್ತಲ ತಗಡಿಗೆ ಹಂಚುತ್ತೆ ಅಷ್ಟೆ. ಸುತ್ತ ತಗಡೇ ಇಲ್ಲದಿದ್ರೆ ಹಂಚೋದು ಯಾರಿಗೆ? ಪುಟ್ಟಿ ಪೂರ್ತಿ ಕೆರೆದು, ಸ್ಕ್ರೂಡ್ರೈವರ್ ಹಿಡಿಯಿಂದ ಸುತ್ತ ತಟ್ಟುತ್ತಾ ಹೋಗಿ. ಟಣ್ ಅನ್ನೋ ಕಡೆವರೆಗೆ ತುಕ್ಕು ತಗಡು ಕೊಯ್ದು ಬಿಸಾಕಿ, ಅದೇ ದಪ್ಪದ ಹೊಸ ತಗಡು ಸೇರಿಸಿ. ಪದ್ಮಿನಿಗೆ ಚಾಸಿ ಬೇರೆ ಇಲ್ಲ, ಬಾಡಿಯೇ ಚಾಸಿ. ರನ್ನಿಂಗ್ ಬೋರ್ಡ್ ಡಬ್ಬಿ ತುಕ್ಕು ಹಿಡಿದಿದ್ರೆ ಬೆಲ್ಟಿನ ಮಾತು ಆಮೇಲೆ, ಮೊದಲು ಅದು. ರಿಪೇರಿ ಮಾಡೋವಾಗ ಆ ಬದಿಯ ಬಾಗಿಲುಗಳ ಮೂರೂ ಸಂದಿಯ ಅಳತೆ ಬರೆದಿಟ್ಟುಕೊಂಡು, ತಳಕ್ಕೆ ಸ್ಟ್ಯಾಂಡ್ ಕೊಟ್ಟೇ ಕೊಯ್ಯಬೇಕು, ಇಲ್ಲದಿದ್ರೆ ನಡು ಕುಸಿಯುತ್ತೆ.

ಆ ಹೊರಬದಿಯ ಮೂಲೆಗೆ ಚಪ್ಪಟೆ ಪ್ಲೇಟಿಗಿಂತ ಎಲ್ ಆಕಾರದ್ದು ಒಳ್ಳೇದು. 3 ಎಂಎಂ ಪ್ಲೇಟನ್ನ ಬಗ್ಗಿಸಿ ಒಂದು ಕಾಲು ಫ್ಲೋರಿನ ತಳಕ್ಕೆ, ಇನ್ನೊಂದು ಕಾಲು ರನ್ನಿಂಗ್ ಬೋರ್ಡಿನ ಗೋಡೆಗೆ, ಎರಡೂ 75 ಎಂಎಂ. ಸುತ್ತ ಒಂದೇ ಎಳೆಯಲ್ಲಿ ವೆಲ್ಡ್ ಎಳೆಯಬೇಡಿ. 20–25 ಎಂಎಂ ಹೊಲಿಗೆ, ಎದುರು ಬದಿಗೆ ಒಂದು, ಮತ್ತೆ ಈ ಕಡೆ ಒಂದು, ಹೀಗೆ. ಒಂದೇ ಎಳೆ ಎಳೆದ್ರೆ ವೆಲ್ಡಿನ ಪಕ್ಕದ ಗೆರೆ ಪೂರ್ತಿ ಸುಟ್ಟು ಬಿರುಸಾಗುತ್ತೆ, ಅದೇ ಗೆರೆಯಲ್ಲಿ ತಗಡು ಹರಿಯುತ್ತೆ.

ನಡುವಿನ ಬಕಲ್ ಟನಲ್ಲಿನ (ಫ್ಲೋರಿನ ನಡುವೆ ಪ್ರೊಪೆಲ್ಲರ್ ಶಾಫ್ಟ್ ಹಾಯೋ ಉಬ್ಬು) ಪಕ್ಕದ ಇಳಿಜಾರಿಗೆ. ಸೊಂಟದ ಪಟ್ಟಿ ಪಕ್ಕದಿಂದ ನೋಡಿದಾಗ ನೆಲಕ್ಕೆ 45ರಿಂದ 60 ಡಿಗ್ರಿ ಕೋನದಲ್ಲಿ ಇಳಿಯೋ ಹಾಗೆ ಜಾಗ ಆರಿಸಿ. ತೀರಾ ಹಿಂದಕ್ಕೆ ಹೋದ್ರೆ ಪಟ್ಟಿ ಮಲಗುತ್ತೆ, ಗುದ್ದಿದಾಗ ಮನುಷ್ಯ ಅದರ ಅಡಿಗೆ ಜಾರಿ ಪಟ್ಟಿ ಹೊಟ್ಟೆಗೆ ಏರುತ್ತೆ. ಕರುಳಿಗೆ ಪೆಟ್ಟು ಬೀಳೋದು ಹೀಗೇ. ಒಬ್ಬರ ಎರಡು ಕೆಳ ಪಾಯಿಂಟಿನ ನಡುವೆ ಅಡ್ಡಳತೆ 350 ಎಂಎಂಗೆ ಕಮ್ಮಿ ಆಗಬಾರದು.

ಬೆಂಚ್ ಸೀಟಿನ ತೊಂದರೆ ಏನಪ್ಪಾ ಅಂದ್ರೆ ಬಕಲ್ಲು ಆಸನಕ್ಕೂ ಬೆನ್ನಿಗೂ ನಡುವಿನ ಸಂದಿಯಿಂದಲೇ ಮೇಲೆ ಬರಬೇಕು. ಕಬ್ಬಿಣದ ಕಡ್ಡಿಯ ಬಕಲ್ ಹಾಕಿದ್ರೆ ಸೀಟು ಮುಂದೆ ಹಿಂದೆ ಸರಿಸಿದಾಗ ಬಗ್ಗುತ್ತೆ. ಪಟ್ಟಿಯ ಬಕಲ್ ತಗೊಳ್ಳಿ, ಉದ್ದ ಮಾತ್ರ ಅಳೆದು. ಬಕಲ್ ಕೂರಬೇಕಾದ್ದು ಸೊಂಟದ ಮೂಳೆಯ ಪಕ್ಕ. ಉದ್ದ ಜಾಸ್ತಿಯಾಗಿ ಹೊಟ್ಟೆ ಮೇಲೆ ಬಂದ್ರೆ, ಭುಜದ ಪಟ್ಟಿ ಅದನ್ನ ಇನ್ನೂ ಮೇಲಕ್ಕೆ ಎಳೆಯುತ್ತೆ.

ಟನಲ್ ಒಳಗೆ ಬೋಲ್ಟಿನ ತುದಿ ಇಣುಕಿದ್ರೆ ಪ್ರೊಪೆಲ್ಲರ್ ಶಾಫ್ಟಿಗೂ ಅದಕ್ಕೂ 25 ಎಂಎಂ ಬಿಡುವಿರಲಿ, ಅದೂ ಗಾಡಿ ತುಂಬಾ ಜನ ಕೂತಾಗಿನ ಅಳತೆ. ತೂತು ಹೊಡೆಯೋ ಮೊದಲು ಗಾಡಿ ಅಡಿಗೆ ಹೋಗಿ ಬ್ರೇಕ್ ಪೈಪ್, ಪೆಟ್ರೋಲ್ ಪೈಪ್, ಹ್ಯಾಂಡ್‌ಬ್ರೇಕ್ ಕೇಬಲ್, ಸೈಲೆನ್ಸರ್ ಪೈಪ್ ಎಲ್ಲೆಲ್ಲಿ ಹಾದಿವೆ ಅಂತ ಚಾಕ್‌ಪೀಸಲ್ಲಿ ಗೆರೆ ಹಾಕಿ. ಬ್ಯಾಟರಿ ವಯರ್ ಬಿಚ್ಚಿ, ಸೀಟು, ಕಾರ್ಪೆಟ್, ಅಡಿಯ ಫೆಲ್ಟು ಎಲ್ಲಾ ಹೊರಗೆ. ತಳಕ್ಕೆ ಬಳಿದ ಡಾಂಬರು ಲೇಪವನ್ನ ವೆಲ್ಡ್ ಜಾಗದ ಸುತ್ತ ಒಂದು ಗೇಣು ಕೆರೆದುಬಿಡಿ. ಒಬ್ಬರು ಒದ್ದೆ ಗೋಣಿಚೀಲ ಹಿಡಿದು ಆಚೆ ಬದಿ ನೋಡ್ತಾ ಇರಲಿ. ಕೆಲಸ ಮುಗಿದ ಅರ್ಧ ಗಂಟೆ ಗಾಡಿ ಬಿಟ್ಟು ಹೋಗಬೇಡಿ, ಫೆಲ್ಟಿನ ಚೂರು ಒಳಗೊಳಗೇ ಹೊಗೆಯಾಡ್ತಿರುತ್ತೆ. ಕೊನೆಗೆ ಪ್ರೈಮರ್, ಅಂಚಿಗೆ ಸೀಲೆಂಟ್, ಪಿಲ್ಲರ್ ಡಬ್ಬಿಯೊಳಗೆ ವ್ಯಾಕ್ಸ್. ಒಳಗೆ ಸುಟ್ಟ ತಗಡು ಬರಿಮೈಲಿ ಉಳಿದ್ರೆ ಎರಡೇ ಮಳೆಗಾಲಕ್ಕೆ ನಿಮ್ಮ ಹೊಸ ಪ್ಲೇಟಿನ ಸುತ್ತ ತುಕ್ಕು.

---

ನಂದಿಯಡಿ ಅಂಬಾಸಿಡರ್ (ಚಿಕ್ಕಬಳ್ಳಾಪುರ)

ರೀಲ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳ್ತೀನಿ. ಫ್ಲೋರ್ ಮೇಲೆ ಮಲಗಿಸಬೇಡಿ. ರೀಲ್ ಒಳಗೆ ಸಣ್ಣ ಉಕ್ಕಿನ ಗುಂಡೋ ತೂಗುಬಟ್ಟೋ ಇರುತ್ತೆ. ಬ್ರೇಕ್ ಹಿಡಿದಾಗ ಅದು ಮುಂದಕ್ಕೆ ಉರುಳಿ ಲಾಕಿನ ಹಲ್ಲನ್ನ ಎತ್ತುತ್ತೆ. ಅದಕ್ಕೆ ನೆಟ್ಟಗೆ ಅಂದ್ರೆ ಯಾವುದು ಅನ್ನೋದನ್ನ ಕಾರ್ಖಾನೆಯಲ್ಲೇ ಸೆಟ್ ಮಾಡಿರ್ತಾರೆ. ಯುರೋಪಿನ ಆರ್16 ನಿಯಮದ ಪ್ರಕಾರ ಮಾಮೂಲಿ ರೀಲು 12 ಡಿಗ್ರಿ ವಾಲೋವರೆಗೆ ಲಾಕ್ ಆಗಬಾರದು, 27 ಡಿಗ್ರಿ ದಾಟಿದ್ರೆ ಆಗಲೇಬೇಕು. ಮಲಗಿಸಿದ್ರೆ ಗುಂಡು ಹೊರಳಿಬಿದ್ದು ಪಟ್ಟಿ ಒಂದು ಗೇಣೂ ಹೊರಗೆ ಬರಲ್ಲ. ಕೆಲವರು ಇದು ಜಾಮ್ ಆಗಿದೆ ಅಂತ ಬಿಚ್ಚಿ ಆ ಗುಂಡನ್ನೇ ತೆಗೆದುಬಿಡ್ತಾರೆ. ಆಮೇಲೆ ಅದು ಬೆಲ್ಟಲ್ಲ, ರಿಬ್ಬನ್ನು.

ಸರಿಯಾದ ಜಾಗ ಪಿಲ್ಲರಿನ ಬುಡ. ಪಟ್ಟಿ ನೇರ ಮೇಲಕ್ಕೆ ಹೋಗಿ ಪಿಲ್ಲರ್ ಲೂಪಿನಲ್ಲಿ ತಿರುಗಿ ಭುಜಕ್ಕೆ ಬರಬೇಕು. ಪದ್ಮಿನಿ, ಅಂಬಾಸಿಡರ್ ಎರಡರ ಪಿಲ್ಲರ್ ಬುಡವೂ ಪೂರ್ತಿ ನೆಟ್ಟಗಿಲ್ಲ, ಕೊಂಚ ವಾಲಿರುತ್ತೆ. ರೀಲಿನ ಬೆನ್ನಿಗೆ ಕೋನ ಸರಿಮಾಡೋ ಬ್ರಾಕೆಟ್ ಮಾಡಿಸಿ, ಅದೂ 3 ಎಂಎಂನದೇ. ಮೊಬೈಲಿನ ಮಟ್ಟಗೋಲು ಆ್ಯಪ್ ಹಿಡಿದು, ಸಮ ನೆಲದಲ್ಲಿ ಗಾಡಿ ನಿಲ್ಲಿಸಿ, ಮುಂದೆ ಹಿಂದೆ, ಎಡ ಬಲ ಎರಡೂ ದಿಕ್ಕಿಗೆ 3 ಡಿಗ್ರಿಯೊಳಗೆ ತನ್ನಿ. ಅಂಗಡೀಲಿ ಈಗ ಬರೋ ರೀಲುಗಳಲ್ಲಿ ಎಡ ಬಲ ಬೇರೆ ಬೇರೆ ಇರುತ್ತೆ, ಅದಲು ಬದಲು ಮಾಡಿದ್ರೂ ಇದೇ ತೊಂದರೆ.

ಮಾರುತಿ ತರಹದ ಬೆಲ್ಟೇ ತಂದಿದೀರಿ, ಆಗಲಿ. ಲೇಬಲ್ ನೋಡಿ. ಐಎಸ್ 15140 ಅಂತಲೋ, ವೃತ್ತದೊಳಗೆ ಇ ಅಕ್ಷರ ಮತ್ತು ಒಂದು ಸಂಖ್ಯೆಯೋ ಇರಬೇಕು. ಇ ಗುರುತಿನ ಬೆಲ್ಟಿನಲ್ಲಿ ಎಆರ್4ಎಂ ಅಂತ ಬರೆದಿದ್ರೆ, ಎ ಅಂದ್ರೆ ಮೂರು ಪಾಯಿಂಟ್, ಆರ್ ಅಂದ್ರೆ ರೀಲು, 4 ಅಂದ್ರೆ ತುರ್ತಿನಲ್ಲಿ ಲಾಕ್ ಆಗೋ ಜಾತಿ, ಎಂ ಅಂದ್ರೆ ಗಾಡಿಯ ಕುಲುಕು, ಪಟ್ಟಿಯ ಎಳೆತ ಎರಡಕ್ಕೂ ಲಾಕ್ ಆಗುತ್ತೆ. ಬರೀ ಬಿ ಇದ್ರೆ ಸೊಂಟದ ಪಟ್ಟಿ. ಲೇಬಲ್ಲೇ ಇಲ್ಲದ, ಪ್ಲಾಸ್ಟಿಕ್ ಕವರಲ್ಲಿ ತೂಗುಹಾಕಿರೋ ಯೂನಿವರ್ಸಲ್ ಬೆಲ್ಟ್ ಬೇಡ. ಗುಜರಿಯದ್ದಂತೂ ಬೇಡವೇ ಬೇಡ: ಗುದ್ದಿದ ಗಾಡಿಯ ಬೆಲ್ಟ್ ಒಂದು ಸಲ ಹಿಗ್ಗಿ ಮುಗಿಸಿರುತ್ತೆ, ಲೂಪ್ ತಿರುಗೋ ಜಾಗದಲ್ಲಿ ಪಟ್ಟಿ ಉಜ್ಜಿ ಹೊಳೀತಿರುತ್ತೆ, ನೋಡಿದ್ರೆ ಹೊಸದರ ಹಾಗೇ ಇರುತ್ತೆ.

ಹಿಂದಿನ ಸೀಟಿಗೆ ಬರ್ತೀನಿ. ಹಳೇ ಸೆಡಾನುಗಳಲ್ಲಿ ಹಿಂದಿನ ಗಾಜಿನ ಕೆಳಗಿನ ಹಲಗೆಗೆ ಭುಜದ ಪಟ್ಟಿ ಬಿಗಿಯೋಕೆ ಹೋಗ್ತಾರೆ. ಆ ತಗಡು ಸ್ಪೀಕರ್ ಹೊರೋಕಷ್ಟೇ ಸೈ. ಅಲ್ಲಿಗೆ ಹಾಕಲೇಬೇಕಿದ್ರೆ ಎರಡು ಬದಿಯ ವೀಲ್ ಆರ್ಚಿನ ಗಟ್ಟಿ ಭಾಗಕ್ಕೆ ತಲುಪೋ ಅಡ್ಡಪಟ್ಟಿ ವೆಲ್ಡ್ ಮಾಡಿಸಬೇಕು, ಅದು ದೊಡ್ಡ ಕೆಲಸ. ಅಂಚಿನ ಇಬ್ಬರಿಗೆ ಹಿಂದಿನ ಪಿಲ್ಲರಿನಲ್ಲಿ ಜಾಗ ಸಿಕ್ರೆ ಮುಂದಿನ ಹಾಗೇ ಒಳಗೆ ಪ್ಲೇಟ್ ಹಾಕಿ. ಸಿಗದಿದ್ರೆ ಸೊಂಟದ ಬೆಲ್ಟಿಗೆ ನಿಲ್ಲಿಸಿ, ಸೀಟಿನಡಿಯ ಫ್ಲೋರಿಗೆ ಪ್ಲೇಟ್ ಕೊಟ್ಟು. ಡಿಕ್ಕಿ ಕಡೆ ತೂತು ಹೊಡೆಯೋ ಮೊದಲು ಪೆಟ್ರೋಲ್ ಟ್ಯಾಂಕ್ ಇಳಿಸಿಡಿ, ಖಾಲಿ ಟ್ಯಾಂಕಿನ ಆವಿಯೇ ಹೆಚ್ಚು ಅಪಾಯ. ಮಕ್ಕಳ ಸೀಟು ಇಡೋರು ಅದರ ಮೇಲೆ ಸೊಂಟದ ಬೆಲ್ಟಿಗೆ ನಡೆಯುತ್ತೆ ಅಂತ ಬರೆದಿದೆಯಾ ನೋಡ್ಕೊಳ್ಳಿ, ಹೆಚ್ಚಿನವಕ್ಕೆ ಮೂರು ಪಾಯಿಂಟೇ ಬೇಕು.

ಮುಂದಿನ ಬೆಂಚಿನಲ್ಲಿ ಮೂರನೆಯವರನ್ನ ನಡುವೆ ಕೂರಿಸೋ ಅಭ್ಯಾಸ ಬೆಲ್ಟ್ ಹಾಕಿದ ದಿನ ಬಿಟ್ಟುಬಿಡಿ. ಬೆಲ್ಟಿಲ್ಲದ ಆ ಒಬ್ಬರು ಪಕ್ಕದ ಇಬ್ಬರ ಮೇಲೆ ಬಂದು ಬೀಳ್ತಾರೆ.

---

ಫೈಲು ಪತ್ರ (ತುಮಕೂರು)

ಆರ್‌ಟಿಒ ವಿಚಾರ. ಕಾರುಗಳಿಗೆ ಮುಂದಿನ ಬೆಲ್ಟ್ ಕಂಪನಿಯೇ ಕೊಡಬೇಕು ಅನ್ನೋದು ಕೇಂದ್ರ ಮೋಟಾರು ವಾಹನ ನಿಯಮಗಳ 125ನೇ ನಿಯಮ, 1994ರ ಮಾರ್ಚ್‌ನಿಂದ. ಕಟ್ಟಿಕೊಳ್ಳಬೇಕು ಅನ್ನೋ 138(3) ಆ ನಿಯಮದಡಿ ಬೆಲ್ಟ್ ಬಂದಿರೋ ಗಾಡಿಗಳ ಬಗ್ಗೆ ಮಾತಾಡುತ್ತೆ. ಅದರ ದಂಡ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಲ್ಲಿದೆ, 1,000 ರೂಪಾಯಿ. 14 ವರ್ಷದೊಳಗಿನ ಮಕ್ಕಳನ್ನ ಬೆಲ್ಟಿಲ್ಲದೆ ಕೂರಿಸಿದ್ರೂ ಅಷ್ಟೇ. ರಸ್ತೆ ಮೇಲೆ ಈ ಕಲಮು ಬಿಡಿಸಿ ಹೇಳ್ತಾ ನಿಲ್ಲೋದಕ್ಕಿಂತ ಬೆಲ್ಟ್ ಇದ್ರೆ ಕಟ್ಟಿಕೊಂಡು ಹೋಗೋದು ವಾಸಿ.

ಗಾಡಿ ಮಾರ್ಪಾಡಿನ 52ನೇ ಕಲಮು ನೋಡೋದು ಆರ್‌ಸಿಯಲ್ಲಿರೋ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಯಿತಾ ಅಂತ. ಬೆಲ್ಟಿನ ಪ್ಲೇಟು ಆರ್‌ಸಿಯಲ್ಲಿ ಎಲ್ಲೂ ಬರಲ್ಲ. ಆದರೆ ಬೆಲ್ಟಿನ ನೆಪದಲ್ಲಿ ಬೆಂಚ್ ಸೀಟ್ ತೆಗೆದು ಎರಡು ಬಕೆಟ್ ಸೀಟ್ ಹಾಕಿಸಿದ್ರೆ ಸೀಟಿನ ಸಂಖ್ಯೆ ಬದಲಾಗಬಹುದು, ಅದಕ್ಕೆ ಮೊದಲೇ ಕೇಳಿ. ವೆಲ್ಡ್ ಮಾಡೋ ಮೊದಲು, ಆಮೇಲೆ ಫೋಟೋ ತೆಗೆದಿಡಿ. ಬಣ್ಣ ಹಚ್ಚಿದ ಮೇಲೆ ಒಳಗೇನಿದೆ ಅಂತ ತೋರಿಸೋಕೆ ಅದೊಂದೇ ದಾರಿ.

ವಿಂಟೇಜ್ ನೋಂದಣಿ ಬಗ್ಗೆ ಯೋಚಿಸೋರಿಗೆ: 2021ರ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗೆ ಮಾತ್ರ, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು. ಅಂಥ ಗಾಡಿಯನ್ನ ದಿನನಿತ್ಯ ಓಡಿಸೋಹಾಗೂ ಇಲ್ಲ. ನಿಮ್ಮ 85ರ ಪದ್ಮಿನಿಗೆ ಇನ್ನೂ ವಯಸ್ಸಾಗಿಲ್ಲ, ಮಾಮೂಲಿ ಐದು ವರ್ಷದ ರಿನ್ಯೂವಲ್ಲೇ.

---

ಗುಬ್ಬಿಗೇಟ್ ಫಿಯೆಟ್ (ತುಮಕೂರು)

ಎಲ್ಲಾ ಬರ್ಕೊಂಡೆ. ಫ್ಲೋರ್ ತಗಡು ಮೊದಲು, ಪ್ಲೇಟು ಆಮೇಲೆ. ಹಾಕಿ ಮುಗಿದ ಮೇಲೆ ಸರಿಯಾಗಿದೆ ಅಂತ ತಿಳಿಯೋದು ಹೇಗೆ? ದೇವರಾಯನದುರ್ಗದ ತಿರುವಲ್ಲಿ ಬೆಲ್ಟ್ ಹಿಡ್ಕೊಳ್ಳುತ್ತೆ ಅಂತ ಪರಿಚಯದವರು ಹೇಳ್ತಾರೆ, ಅದು ದೋಷವಾ?

---

ನಂದಿಯಡಿ ಅಂಬಾಸಿಡರ್ (ಚಿಕ್ಕಬಳ್ಳಾಪುರ)

ತಿರುವಲ್ಲಿ ಜೋರಾಗಿ ಹೋದಾಗ, ಬ್ರೇಕ್ ಹಿಡಿದಾಗ ಲಾಕ್ ಆಗೋದು ಅದರ ಕೆಲಸ. ಗಾಡಿ ನಿಧಾನಕ್ಕಿದ್ದು, ಬರೀ ಏರಿನಲ್ಲಿ ನಿಂತಾಗ ಪಟ್ಟಿ ಬರಲ್ಲ ಅಂದ್ರೆ ಮಾತ್ರ ರೀಲು ವಾಲಿದೆ. ಘಾಟಿಯ ಏರು ಸಾಮಾನ್ಯವಾಗಿ 12 ಡಿಗ್ರಿಯೊಳಗೇ ಇರುತ್ತೆ. ನಿಮ್ಮ ರೀಲು ಮೊದಲೇ 8 ಡಿಗ್ರಿ ಹಿಂದಕ್ಕೆ ವಾಲಿದ್ರೆ ಏರಿನ 6 ಡಿಗ್ರಿ ಸೇರಿ 14 ಆಗಿಬಿಡುತ್ತೆ, ಹಿಡ್ಕೊಳ್ಳಬಹುದು. ಹತ್ತೋವಾಗ ಹಿಡಿದು ಇಳಿಯೋವಾಗ ಬಿಟ್ರೆ ರೀಲು ಹಿಂದಕ್ಕೆ ವಾಲಿದೆ, ಇಳಿಯೋವಾಗ ಹಿಡಿದ್ರೆ ಮುಂದಕ್ಕೆ. ಬ್ರಾಕೆಟ್ಟಿನಡಿ ವಾಷರ್ ಇಟ್ಟು ಸರಿ ಮಾಡಬೇಡಿ, ಬೋಲ್ಟ್ ಓರೆಯಾಗುತ್ತೆ. ಬ್ರಾಕೆಟ್ಟನ್ನೇ ಬಗ್ಗಿಸಿ ತನ್ನಿ.

ಪರೀಕ್ಷೆ ಮೊದಲು ನಿಂತಲ್ಲೇ. ಪಟ್ಟಿ ನಿಧಾನ ಎಳೆದ್ರೆ ಪೂರ್ತಿ ಬರಬೇಕು, ಬಿಟ್ರೆ ತಾನೇ ಸುತ್ತಿಕೊಳ್ಳಬೇಕು. ಝಟ್ ಅಂತ ಎಳೆದ್ರೆ ನಾಲ್ಕು ಬೆರಳು ಬರೋದ್ರೊಳಗೆ ನಿಲ್ಲಬೇಕು. ಕಟ್ಟಿಕೊಂಡು ಕೂತಾಗ ಭುಜದ ಪಟ್ಟಿ ಕತ್ತಿಗೂ ತೋಳಿಗೂ ನಡುವೆ, ಸೊಂಟದ್ದು ತೊಡೆಯ ಬುಡದ ಮೂಳೆ ಮೇಲೆ. ಆಮೇಲೆ ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ, 20–25ರಲ್ಲಿ ಜೋರಾಗಿ ಬ್ರೇಕ್ ಹಿಡಿದು ಲಾಕ್ ಆಗುತ್ತಾ ನೋಡಿ. ಪಕ್ಕದಲ್ಲಿ ಕೂತವರು ಕೈ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟಿರಲಿ, ಲಾಕ್ ಆಗದಿದ್ರೆ ಬೇಕಾಗುತ್ತೆ.

---

ತಗಡು ತಾಮ್ರ (ತುಮಕೂರು)

500 ಕಿ.ಮೀ. ಓಡಿದ ಮೇಲೆ ಒಂದು ಸಲ ಎಲ್ಲಾ ಬೋಲ್ಟಿಗೂ ಟಾರ್ಕ್ ರೆಂಚ್ ಇಡಿ. ಪ್ಯಾಡು ಮುಚ್ಚಿಸೋದನ್ನ ಅಲ್ಲಿವರೆಗೆ ತಡೀರಿ. ಪ್ಲಗ್ ವೆಲ್ಡಿನ ಸುತ್ತ ಬಣ್ಣ ಕೂದಲಿನಂತೆ ಬಿರುಕು ಬಿಟ್ಟಿದ್ರೆ ಆ ಪ್ಲೇಟ್ ತಗಡಿಗೆ ಕೂತಿಲ್ಲ, ತೂತು ಕೊರೆದು ಮತ್ತೆ ತುಂಬಬೇಕು. ಕುಶನ್ ಅಂಗಡಿಯವರು ಪಟ್ಟಿ ಉದ್ದ ಆಯ್ತು ಅಂತ ಕತ್ತರಿಸಿ ಹೊಲಿಯೋಕೆ ಬರ್ತಾರೆ, ಬಿಡಬೇಡಿ. ರೀಲು ಉಳಿದದ್ದನ್ನ ತಾನೇ ನುಂಗುತ್ತೆ.